ಹೃದಯಸ್ನಾಯುವಿನ ಮೇಲೆ ಕೇಂದ್ರೀಕೃತ ಅಲ್ಟ್ರಾಸೌಂಡ್‌ನ ಪರಿಣಾಮಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎಕೋ ಪರೀಕ್ಷೆ ಮಾಡಿಸಿಕೊಂಡವರು, ಹೃದಯದ ಕಾಯಿಲೆಗೆ ಹೊಸ ಚಿಕಿತ್ಸೆ ಬಂದಿದೆಯೆಂದು ಪತ್ರಿಕೆಯಲ್ಲಿ ಓದಿದವರು ಮತ್ತು ಜೀವವೈದ್ಯಕೀಯ ಎಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಇದು ತಿಳಿವಳಿಕೆಗಾಗಿ ಬರೆದದ್ದು. ಯಾರದೇ ಚಿಕಿತ್ಸೆಯ ನಿರ್ಧಾರವನ್ನು ಅವರ ವೈದ್ಯರೇ ಮಾಡಬೇಕು.

ಎಕೋ ಪರೀಕ್ಷೆಯಲ್ಲಿ ಬಳಸುವ ಅಲ್ಟ್ರಾಸೌಂಡ್ ಬೇರೆ, ಚಿಕಿತ್ಸೆಗೆ ಒಂದೆಡೆ ಕೇಂದ್ರೀಕರಿಸುವ ಅಲ್ಟ್ರಾಸೌಂಡ್ ಬೇರೆಯೇ?

ಅಲೆ ಒಂದೇ, ಪ್ರಮಾಣ ಬೇರೆ. ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಬಾರಿ ಕಂಪಿಸುವ, ನಮ್ಮ ಕಿವಿಗೆ ಕೇಳಿಸದ ಧ್ವನಿಯೆಲ್ಲವೂ ಅಲ್ಟ್ರಾಸೌಂಡೇ. ವಯಸ್ಕರ ಎದೆಯ ಮೇಲೆ ಪ್ರೋಬ್ ಇಟ್ಟು ಮಾಡುವ ಎಕೋದಲ್ಲಿ ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಜ್ ಆವರ್ತನ ಬಳಕೆಯಾಗುತ್ತದೆ. ಚಿಕಿತ್ಸೆಯ ಯಂತ್ರಗಳು ಹೆಚ್ಚಾಗಿ 1 ಮೆಗಾಹರ್ಟ್ಜ್‌ನ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ರೋಗಪತ್ತೆಯ ಯಂತ್ರಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹಾಕಿರುವ ಮಿತಿ, ಕಾಲದ ಸರಾಸರಿ ತೆಗೆದುಕೊಂಡರೆ, ಚದರ ಸೆಂಟಿಮೀಟರಿಗೆ 720 ಮಿಲಿವ್ಯಾಟ್. ಅಂಗಾಂಶವನ್ನು ಬೇಯಿಸಲೆಂದೇ ಒಟ್ಟುಗೂಡಿಸಿದ ಅಲೆಯ ತೀವ್ರತೆ ನಾಭಿಯಲ್ಲಿ, ಅಂದರೆ ಅಲೆಗಳೆಲ್ಲ ಬಂದು ಸೇರುವ ಬಿಂದುವಿನಲ್ಲಿ, ಚದರ ಸೆಂಟಿಮೀಟರಿಗೆ ಸಾವಿರ ವ್ಯಾಟ್ ದಾಟುತ್ತದೆ.

ಭೂತಗನ್ನಡಿಯಲ್ಲಿ ಬಿಸಿಲನ್ನು ಹಿಡಿದು ಕಾಗದ ಸುಡುವ ಹೋಲಿಕೆಯನ್ನು ಎಲ್ಲರೂ ಕೊಡುತ್ತಾರೆ. ನನ್ನ ಮಟ್ಟಿಗೆ ಆ ಹೋಲಿಕೆ ಅರ್ಧ ಮಾತ್ರ ಸರಿ, ಏಕೆಂದರೆ ಬಿಸಿಲಿಗೆ ಸುಡುವುದೊಂದೇ ಗೊತ್ತು. ಧ್ವನಿ ಬಿಸಿ ಮಾಡಬಲ್ಲದು, ತಳ್ಳಬಲ್ಲದು, ಗುಳ್ಳೆ ಎಬ್ಬಿಸಿ ಅಂಗಾಂಶವನ್ನು ಹರಿಯಬಲ್ಲದು, ಹೃದಯದಲ್ಲಾದರೆ ಅಕಾಲದಲ್ಲಿ ಒಂದು ಮಿಡಿತವನ್ನೂ ಹುಟ್ಟಿಸಬಲ್ಲದು. ಇವುಗಳಲ್ಲಿ ಯಾವುದು ನಡೆಯುತ್ತದೆ ಎಂಬುದು ಒತ್ತಡ ಎಷ್ಟು, ಸ್ಪಂದ (ಒಂದು ಸಲಕ್ಕೆ ಹಾಯಿಸುವ ಅಲೆಯ ತುಣುಕು) ಎಷ್ಟು ಉದ್ದ, ಅದು ಮಿಡಿತದ ಯಾವ ಗಳಿಗೆಯಲ್ಲಿ ಬಂತು ಎಂಬುದನ್ನು ಅವಲಂಬಿಸಿದೆ.

ನಾಭಿಯಲ್ಲಿ ಉಂಟಾಗುವ ಗಾಯ ಎಷ್ಟು ದೊಡ್ಡದು?

ಮೃದು ಅಂಗಾಂಶದಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗುತ್ತದೆ. ಆದ್ದರಿಂದ 1 ಮೆಗಾಹರ್ಟ್ಜ್ ಅಲೆಯ ಉದ್ದ ಸುಮಾರು ಒಂದೂವರೆ ಮಿಲಿಮೀಟರ್. ನಾಭಿ ಅದಕ್ಕಿಂತ ತೀರಾ ಕಿರಿದಾಗಲು ಸಾಧ್ಯವಿಲ್ಲ. ಒಂದು ಬಾರಿಗೆ ಆಗುವ ಗಾಯ ಒಂದೆರಡು ಮಿಲಿಮೀಟರ್ ಅಗಲವಿದ್ದು, ಅಲೆ ಸಾಗುವ ದಿಕ್ಕಿನಲ್ಲಿ ಉದ್ದವಾಗಿರುತ್ತದೆ: ಹೆಚ್ಚು ಕಡಿಮೆ ಒಂದು ಅಕ್ಕಿಕಾಳಿನ ಆಕಾರ.

ಇದನ್ನು ಕಣ್ಣಾರೆ ನೋಡಲು ಪ್ರಯೋಗಾಲಯಗಳಲ್ಲಿ ಪ್ರೋಟೀನ್ ಬೆರೆಸಿದ ಪಾರದರ್ಶಕ ಜೆಲ್ಲನ್ನು ಗಾಳಿ ತೆಗೆದ ನೀರಿನ ತೊಟ್ಟಿಯಲ್ಲಿ ಇಳಿಬಿಡುತ್ತಾರೆ. ಯಂತ್ರ ಚಾಲೂ ಮಾಡಿದ ಕೆಲವೇ ಸೆಕೆಂಡುಗಳಲ್ಲಿ, ಮೇಲ್ಮೈಯಲ್ಲಿ ಏನೂ ಆಗದೆ, ಜೆಲ್ಲಿನ ಒಡಲೊಳಗೆ ಬಿಳಿಯ ಕಾಳೊಂದು ಮೂಡುತ್ತದೆ. ಮೊಟ್ಟೆಯ ಲೋಳೆ ಬೆಂದು ಬೆಳ್ಳಗಾಗುವ ಬಗೆಯೇ ಇದು. ನಾನು ಮೊದಲ ಸಲ ಪ್ರಯತ್ನಿಸಿದಾಗ ಜೆಲ್ಲಿನಲ್ಲಿ ಸಾಸಿವೆಗಿಂತ ಚಿಕ್ಕ ಗಾಳಿಗುಳ್ಳೆಯೊಂದು ಉಳಿದುಹೋಗಿತ್ತು. ಬಿಳಿ ಕಲೆ ನಾಭಿಯಲ್ಲಿ ಮೂಡದೆ, ಅದಕ್ಕಿಂತ ಒಂದು ಬೆರಳು ಹಿಂದೆ ಆ ಗುಳ್ಳೆಯ ಸುತ್ತ ಮೂಡಿತು. ಜೆಲ್ಲು ಹಾಳಾದದ್ದಷ್ಟೇ ನಷ್ಟ. ಅದೇ ತಪ್ಪು ಎದೆಯೊಳಗೆ ನಡೆದರೆ ಏನಾದೀತು ಎಂಬ ಅಳುಕು ಮಾತ್ರ ಅಂದಿನಿಂದ ಹೋಗಿಲ್ಲ.

ಬಿಸಿಯಿಂದ ಹೃದಯದ ಜೀವಕೋಶಗಳು ಹೇಗೆ ಸಾಯುತ್ತವೆ?

ತಾಪ ಮತ್ತು ಕಾಲ ಎರಡೂ ಸೇರಿ ನಿರ್ಧರಿಸುತ್ತವೆ. 1984ರಲ್ಲಿ ಸಪರೇಟೊ ಮತ್ತು ಡ್ಯೂಯಿ ರೂಪಿಸಿದ ಲೆಕ್ಕಾಚಾರವೇ ಇಂದಿಗೂ ಬಳಕೆಯಲ್ಲಿದೆ. 43 ಡಿಗ್ರಿ ಸೆಲ್ಸಿಯಸ್‌ನಲ್ಲಿ 240 ನಿಮಿಷ ಇಟ್ಟರೆ ಅಂಗಾಂಶ ಸಾಯುತ್ತದೆ ಎಂದು ಹಿಡಿದರೆ, ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೂ ಬೇಕಾದ ಸಮಯ ಅರ್ಧಕ್ಕಿಳಿಯುತ್ತದೆ. ಈ ಸೂತ್ರದ ಪ್ರಕಾರ 50 ಡಿಗ್ರಿಯಲ್ಲಿ ಎರಡು ನಿಮಿಷ ಸಾಕು, 57 ಡಿಗ್ರಿಯಲ್ಲಿ ಒಂದು ಸೆಕೆಂಡೂ ಬೇಕಾಗುವುದಿಲ್ಲ.

ಆದರೆ ಹೃದಯಸ್ನಾಯು ಸಾಯುವ ಮೊದಲು ವಿದ್ಯುತ್ತಿನ ಮಟ್ಟದಲ್ಲಿ ದಾರಿ ತಪ್ಪುತ್ತದೆ, ಮತ್ತು ಯಕೃತ್ತಿಗೋ ಗರ್ಭಕೋಶಕ್ಕೋ ಇಲ್ಲದ ತೊಡಕು ಇದು. 45 ಡಿಗ್ರಿ ದಾಟುತ್ತಿದ್ದಂತೆ ಕೋಶಪೊರೆಯ ಆಚೀಚಿನ ವಿದ್ಯುತ್ ಅಂತರ ಕುಸಿಯತೊಡಗುತ್ತದೆ, ಕೋಶಗಳು ಯಾರ ಅಪ್ಪಣೆಯೂ ಇಲ್ಲದೆ ತಾವಾಗಿ ಮಿಡಿಯಲು ತೊಡಗಬಹುದು. 50 ಡಿಗ್ರಿಯ ಸುಮಾರಿಗೆ ಅವು ಪ್ರಚೋದನೆಗೆ ಸ್ಪಂದಿಸುವುದನ್ನೇ ನಿಲ್ಲಿಸುತ್ತವೆ. ಅಷ್ಟರಲ್ಲಿ ಬಿಸಿ ನಿಲ್ಲಿಸಿದರೆ ಕೆಲವು ಕೋಶಗಳು ಚೇತರಿಸಿಕೊಳ್ಳುತ್ತವೆ. ಹೀಗಾಗಿ ಚಿಕಿತ್ಸೆಯ ಮೇಜಿನ ಮೇಲೆ ವಿದ್ಯುತ್ತಿನ ‘ದಾರಿ ಕಡಿದುಹೋಯಿತು’ ಎಂದು ಕಂಡದ್ದು ಕೆಲವು ವಾರಗಳ ನಂತರ ಮತ್ತೆ ಕೂಡಿಕೊಂಡಿರುವುದುಂಟು.

ಸತ್ತ ಭಾಗಕ್ಕೆ ಮೊದಲ ದಿನಗಳಲ್ಲಿ ಬಿಳಿ ರಕ್ತಕಣಗಳು ನುಗ್ಗುತ್ತವೆ, ಒಂದೆರಡು ವಾರಗಳಲ್ಲಿ ಹೊಸ ರಕ್ತನಾಳಗಳಿರುವ ಎಳೆಯ ಅಂಗಾಂಶ ಬೆಳೆಯುತ್ತದೆ, ಮುಂದಿನ ವಾರಗಳಲ್ಲಿ ಅದು ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್ ತುಂಬಿದ ಗಟ್ಟಿ ಕಲೆಯಾಗುತ್ತದೆ. ಹೃದಯಸ್ನಾಯು ಮಾತ್ರ ಮರಳಿ ಬೆಳೆಯುವುದಿಲ್ಲವೆಂದೇ ಹೇಳಬೇಕು: ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು ಪರಮಾಣು ಬಾಂಬ್ ಪರೀಕ್ಷೆಗಳಿಂದ ವಾತಾವರಣ ಸೇರಿದ್ದ ಇಂಗಾಲ-14ರ ಜಾಡು ಹಿಡಿದು 2009ರಲ್ಲಿ ತೋರಿಸಿದಂತೆ, 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ. 1ರಷ್ಟು ಹೃದಯಕೋಶಗಳು ಮಾತ್ರ ಹೊಸದಾಗುತ್ತವೆ, 75ರ ಹೊತ್ತಿಗೆ ಅದರ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಇಲ್ಲಿ ಮಾಡಿದ ಗಾಯ ಶಾಶ್ವತ. ಕಲೆಯಾದ ಜಾಗ ಸಂಕುಚಿಸುವುದಿಲ್ಲ, ವಿದ್ಯುತ್ತನ್ನೂ ಹಾಯಿಸುವುದಿಲ್ಲ. ಲಯದೋಷದ ಚಿಕಿತ್ಸೆಗೆ ಬೇಕಾದದ್ದೂ ಇದೇ ಗುಣ.

ಬಿಸಿ ಮಾಡದೆಯೂ ಅಂಗಾಂಶವನ್ನು ಕತ್ತರಿಸಬಹುದೇ?

ಕತ್ತರಿಸಬಹುದು. ಧ್ವನಿಯ ಅಲೆಯಲ್ಲಿ ಒತ್ತುವ ಅರ್ಧವೂ ಎಳೆಯುವ ಅರ್ಧವೂ ಇರುತ್ತವೆ. ಎಳೆತ ಬಲವಾದಾಗ ದ್ರವವೇ ಸೀಳಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ, ಹಿಗ್ಗಿ, ಮರುಕ್ಷಣ ಕುಸಿಯುತ್ತವೆ. ಇದಕ್ಕೆ ಕ್ಯಾವಿಟೇಶನ್ ಎಂದು ಹೆಸರು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಕೇನ್, ಬ್ರಯನ್ ಫೌಲ್ಕ್ಸ್, ಝೆನ್ ಶೂ ಮತ್ತವರ ಸಂಗಡಿಗರು ಈ ಗುಳ್ಳೆಗಳನ್ನೇ ಹತೋಟಿಯಲ್ಲಿಟ್ಟು ಉಪಕರಣವಾಗಿ ಬಳಸುವ ವಿಧಾನಕ್ಕೆ ಹಿಸ್ಟೋಟ್ರಿಪ್ಸಿ ಎಂದು ಹೆಸರಿಟ್ಟರು. ಸ್ಪಂದಗಳು ಮೈಕ್ರೋಸೆಕೆಂಡುಗಳಷ್ಟು ಚಿಕ್ಕವು, ನಡುವೆ ದೀರ್ಘ ವಿರಾಮ. ಹೀಗಾಗಿ ಬಿಸಿ ಏರಲು ಅವಕಾಶವೇ ಇರುವುದಿಲ್ಲ. ನೀರಿನಂಶ ಹೆಚ್ಚಿರುವ ಅಂಗಾಂಶದಲ್ಲಿ ಎಳೆತದ ಒತ್ತಡ 26–28 ಮೆಗಾಪ್ಯಾಸ್ಕಲ್ ಮುಟ್ಟಿದಾಗ ಒಂದೇ ಸ್ಪಂದಕ್ಕೆ ಗುಳ್ಳೆಮೋಡ ಏಳುತ್ತದೆ.

ಉಷ್ಣದ ಗಾಯದಲ್ಲಿ ಕೋಶಗಳು ಬೆಂದರೂ ಇದ್ದಲ್ಲೇ ಇರುತ್ತವೆ. ಹಿಸ್ಟೋಟ್ರಿಪ್ಸಿಯಲ್ಲಿ ಅವು ಅರೆದ ಹಿಟ್ಟಿನಂತಾಗಿ, ಕೋಶವೆಂದು ಗುರುತಿಸಬಹುದಾದ ಏನೂ ಉಳಿಯುವುದಿಲ್ಲ. ಗಾಯಕ್ಕೂ ಆರೋಗ್ಯವಂತ ಸ್ನಾಯುವಿಗೂ ನಡುವಿನ ಗಡಿ ಅತಿ ತೆಳು. ಕೊಲಾಜನ್ ಹೆಚ್ಚಿರುವ ಕವಾಟ, ದೊಡ್ಡ ರಕ್ತನಾಳದ ಗೋಡೆ ಮುಂತಾದವು ಸ್ನಾಯುವಿಗಿಂತ ಹೆಚ್ಚು ಹೊತ್ತು ತಡೆದುಕೊಳ್ಳುತ್ತವೆ. ಯಕೃತ್ತಿನ ಗಡ್ಡೆಗಳಿಗೆ ಈ ವಿಧಾನವನ್ನು ಬಳಸಲು ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು. ಹೃದಯದ ದಾರಿ ಇನ್ನೂ ಬಹಳ ಹಿಂದಿದೆ, ಏಕೆಂದರೆ ಅಲ್ಲಿ ಅರೆದುಹೋದ ಚೂರು ನೇರವಾಗಿ ಮಿದುಳಿಗೆ ಹರಿಯುವ ರಕ್ತಕ್ಕೆ ಸೇರಬಹುದು.

ಧ್ವನಿಯಿಂದ ಹೃದಯದ ಮಿಡಿತ ತಪ್ಪಬಹುದೇ?

ತಪ್ಪಬಹುದು, ಮತ್ತು ಇದು ಹೊಸ ಸಂಗತಿಯಲ್ಲ. ಅತಿ ವೇಗದ ಧ್ವನಿಯ ಅಲೆಗಳಿಗೆ ಹೃದಯಸ್ನಾಯು ಪ್ರತಿಕ್ರಿಯಿಸುತ್ತದೆ ಎಂದು ಪ್ರಿನ್ಸ್‌ಟನ್ನಿನ ನ್ಯೂಟನ್ ಹಾರ್ವಿ 1929ರಲ್ಲೇ ಬರೆದಿದ್ದರು. ಮುಂದೆ 1990ರ ದಶಕದ ಆರಂಭದಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದ ಡಯಾನ್ ಡಲೆಕಿ, ಎಡ್ವಿನ್ ಕಾರ್ಸ್ಟೆನ್ಸನ್ ಮತ್ತಿತರರು ಕಪ್ಪೆಯ ಹೃದಯದ ಮೇಲೆ ಕೆಲವೇ ಮಿಲಿಸೆಕೆಂಡ್ ಉದ್ದದ ಒಂಟಿ ಸ್ಪಂದಗಳನ್ನು, ಮಿಡಿತದ ಬೇರೆ ಬೇರೆ ಗಳಿಗೆಗಳಿಗೆ ಹೊಂದಿಸಿ, ಹಾಯಿಸಿ ನೋಡಿದರು. ಹೃದಯ ಸಡಿಲಗೊಂಡು ತುಂಬಿಕೊಳ್ಳುತ್ತಿರುವಾಗ ಬಂದ ಸ್ಪಂದ ಅಕಾಲದ ಮಿಡಿತವೊಂದನ್ನು ಹುಟ್ಟಿಸಿತು. ಅದೇ ಸ್ಪಂದ ಹೃದಯ ಸಂಕುಚಿಸುತ್ತಿರುವಾಗ ಬಂದರೆ ಹೆಚ್ಚಿನ ಮಿಡಿತ ಬರಲಿಲ್ಲ. ಬದಲಾಗಿ ಆ ಸಲದ ಸಂಕೋಚನ ಸೊರಗಿ, ಮಹಾಪಧಮನಿಯ ಒತ್ತಡ ತಗ್ಗಿತು. ಒತ್ತಡ ತಗ್ಗಲು ಅಲೆಯ ತಳ್ಳುಬಲವೇ ಕಾರಣವೆಂಬುದನ್ನೂ ಅವರು ತೋರಿಸಿದರು. ಅಲೆ ಒಂದೇ, ಹೃದಯ ಒಂದೇ, ಗಳಿಗೆ ಬದಲಾದಾಗ ಪರಿಣಾಮವೂ ಬದಲಾಯಿತು. ಈ ವಿಷಯದಲ್ಲಿ ನಾನು ವಿದ್ಯಾರ್ಥಿಗಳಿಗೆ ಮೊದಲು ಹೇಳುವ ಪ್ರಯೋಗ ಇದು.

ಚಿಕಿತ್ಸಾಲಯದವರು ಇದನ್ನು ಬೇರೊಂದು ಬಾಗಿಲಿನಿಂದ ಕಲಿತಿದ್ದರು. ಆಘಾತದ ಅಲೆಗಳಿಂದ ಮೂತ್ರಪಿಂಡದ ಕಲ್ಲು ಒಡೆಯುವ ಚಿಕಿತ್ಸೆ 1980ರಲ್ಲಿ ಮ್ಯೂನಿಕ್‌ನಲ್ಲಿ ಆರಂಭವಾಯಿತು. ಗುರಿ ಮೂತ್ರಪಿಂಡವಾದರೂ ಕೆಲವರಲ್ಲಿ ಹೃದಯದ ಲಯ ತಪ್ಪುತ್ತಿದ್ದುದರಿಂದ, ಇಸಿಜಿಯಲ್ಲಿ ‘ಆರ್’ ಅಲೆಯನ್ನು (ಹೃದಯದ ಕೆಳಕೋಣೆಗಳು ಪ್ರಚೋದನೆಗೊಂಡದ್ದನ್ನು ತೋರುವ ಏರು) ಕಂಡ ಮೇಲೆಯೇ ಆಘಾತ ಹೊರಡುವಂತೆ ಯಂತ್ರವನ್ನು ಜೋಡಿಸಲಾಯಿತು. ಆ ಹೊತ್ತಿನಲ್ಲಿ ಸ್ನಾಯು ಆಗಷ್ಟೇ ಪ್ರಚೋದನೆಗೊಂಡಿರುವುದರಿಂದ ಇನ್ನೊಂದು ಪ್ರಚೋದನೆಗೆ ಕಿವಿಗೊಡುವುದಿಲ್ಲ. ತದ್ವಿರುದ್ಧವಾಗಿ ಸ್ನಾಯು ಮುಂದಿನ ಪ್ರಚೋದನೆಗೆ ಮತ್ತೆ ಸಜ್ಜಾಗುವುದನ್ನು ತೋರುವ ‘ಟಿ’ ಅಲೆಯ ಏರು ಅತ್ಯಂತ ಅಪಾಯದ ಗಳಿಗೆ. ಎದೆಗೆ ಚೆಂಡು ಬಡಿದು ಆಟಗಾರ ಕುಸಿದು ಬೀಳುವ ಅಪರೂಪದ ದುರಂತಗಳಲ್ಲಿ, ಪೆಟ್ಟು ‘ಟಿ’ ಅಲೆಯ ಶಿಖರಕ್ಕೆ ಮೊದಲಿನ ಸುಮಾರು 15ರಿಂದ 30 ಮಿಲಿಸೆಕೆಂಡುಗಳ ಒಳಗೆ ಬಿದ್ದಿರುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ಸ್ನಾಯುಕೋಶಕ್ಕೆ ಧ್ವನಿ ತಟ್ಟಿದ್ದು ಹೇಗೆ ಗೊತ್ತಾಗುತ್ತದೆ?

ಎಳೆದಾಗ ತೆರೆದುಕೊಳ್ಳುವ ಅಯಾನು ದ್ವಾರಗಳು ಕೋಶಪೊರೆಯಲ್ಲಿವೆ. ಅವು ತೆರೆದರೆ ಸೋಡಿಯಂ, ಕ್ಯಾಲ್ಸಿಯಂ ಒಳನುಗ್ಗಿ ಕೋಶ ಪ್ರಚೋದನೆಗೊಳ್ಳುತ್ತದೆ. ಅಂಥ ಪೀಝೋ ಎಂಬ ದ್ವಾರಗಳನ್ನು 2010ರಲ್ಲಿ ಕಂಡುಹಿಡಿದ ತಂಡದ ಆರ್ಡೆಮ್ ಪಟಪೂಟಿಯನ್ ಅವರು 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಅಲ್ಟ್ರಾಸೌಂಡ್‌ಗೆ ಹೃದಯಸ್ನಾಯು ಮಿಡಿಯುವುದರಲ್ಲಿ ಯಾವ ದ್ವಾರದ ಪಾಲು ಎಷ್ಟು ಎಂಬ ವಾದ ಮುಗಿದಿಲ್ಲ.

ಮಿದುಳಿಗೆ, ಗರ್ಭಕೋಶಕ್ಕೆ ಈ ಚಿಕಿತ್ಸೆ ಬಂದು ವರ್ಷಗಳಾದವು. ಹೃದಯಕ್ಕೆ ಏಕೆ ತಡ?

ಅಮೆರಿಕದಲ್ಲಿ ಗರ್ಭಕೋಶದ ಗಡ್ಡೆಗಳಿಗೆ 2004ರಲ್ಲೂ ಕೈನಡುಕಕ್ಕೆ ಮಿದುಳಿನ ಮೇಲೆ ಬಳಸಲು 2016ರಲ್ಲೂ ಅನುಮತಿ ದೊರೆತದ್ದು ನಿಜ. ಆದರೆ ಗರ್ಭಕೋಶ ಬಡಿಯುವುದಿಲ್ಲ. ಮಿದುಳನ್ನಂತೂ ತಲೆಬುರುಡೆಗೇ ಚೌಕಟ್ಟು ಬಿಗಿದು ನಿಲ್ಲಿಸಬಹುದು. ಹೃದಯ ನಿಮಿಷಕ್ಕೆ ಎಪ್ಪತ್ತೆಂಬತ್ತು ಬಾರಿ ತಿರುಚಿ ಹಿಂಡಿಕೊಳ್ಳುತ್ತದೆ, ಅದರ ಮೇಲೆ ಉಸಿರಾಟದೊಂದಿಗೆ ವಪೆಯ ಜೊತೆಗೆ ಮೇಲೆ ಕೆಳಗೆ ಸರಿಯುತ್ತದೆ. ಒಂದೆರಡು ಮಿಲಿಮೀಟರ್ ಅಗಲದ ನಾಭಿಗೆ ಒಂದು ಸೆಂಟಿಮೀಟರ್ ಸರಿದಾಟವೆಂದರೆ ಗುರಿಯ ಬದಲು ಪಕ್ಕದ ಗೋಡೆಗೆ ಹೊಡೆದಂತೆ.

ದಾರಿಯೂ ಇಕ್ಕಟ್ಟು. ಪಕ್ಕೆಲುಬು ಧ್ವನಿಯನ್ನು ಹೀರಿ ತಾನೇ ಬಿಸಿಯಾಗುತ್ತದೆ, ಗಾಳಿ ತುಂಬಿದ ಶ್ವಾಸಕೋಶ ಅದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಕ್ಕೆ ಕಳಿಸುತ್ತದೆ. ಎಕೋ ಮಾಡುವವರು ರೋಗಿಯನ್ನು ಎಡಮಗ್ಗುಲಾಗಿಸಿ, ಎರಡು ಪಕ್ಕೆಲುಬುಗಳ ನಡುವೆ ಪ್ರೋಬ್ ಒತ್ತಿ, “ಉಸಿರು ಬಿಟ್ಟು ಹಾಗೇ ಹಿಡಿದುಕೊಳ್ಳಿ” ಎನ್ನುವುದು ಈ ಇಕ್ಕಟ್ಟಿನ ನಡುವೆ ಕಿಟಕಿ ಹುಡುಕಲೆಂದೇ. ಚಿತ್ರ ತೆಗೆಯಲು ಆ ಕಿಟಕಿ ಸಾಕು. ಚಿಕಿತ್ಸೆಗೆ ಬೇಕಾದಷ್ಟು ಶಕ್ತಿಯನ್ನು ಅಲ್ಲಿಂದ ತೂರಿಸುವುದು ಸುಲಭವಲ್ಲ. ಇಷ್ಟರ ಮೇಲೆ ಹೃದಯದ ಕೋಣೆಗಳಲ್ಲೂ ಪರಿಧಮನಿಗಳಲ್ಲೂ ಹರಿಯುವ ರಕ್ತ ಬಿಸಿಯನ್ನು ಹೊತ್ತೊಯ್ಯುತ್ತದೆ. ಸತ್ತ ಮಾಂಸದ ತುಂಡಿನ ಮೇಲೆ ಕಂಡ ಗಾಯದ ಅಳತೆಯನ್ನು ಬಡಿಯುವ ಹೃದಯಕ್ಕೆ ಹಾಗೆಯೇ ಅನ್ವಯಿಸಲಾಗದ್ದು ಇದೇ ಕಾರಣಕ್ಕೆ.

ಏಟ್ರಿಯಲ್ ಫಿಬ್ರಿಲೇಶನ್‌ಗೆ ಇದನ್ನು ಬಳಸಿರಲಿಲ್ಲವೇ? ಏನಾಯಿತು?

ಬಳಸಿದ್ದರು. ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಕಂಪಿಸುವ ಈ ಲಯದೋಷದ ಕಿಡಿಗಳು ಬಹುಪಾಲು ಪುಪ್ಪುಸ ಅಭಿಧಮನಿಗಳ (ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳಗಳ) ಬಾಯಲ್ಲಿ ಹುಟ್ಟುತ್ತವೆಂದು ಫ್ರಾನ್ಸಿನ ಬೋರ್ಡೊ ನಗರದ ಮಿಶೆಲ್ ಹೈಸಗೇರ್ ತಂಡ 1998ರಲ್ಲಿ ತೋರಿಸಿದ ಮೇಲೆ, ಆ ಬಾಯಿಯ ಸುತ್ತ ಒಂದು ಬಳೆಯಂತೆ ಕಲೆ ಮೂಡಿಸಿ ಕಿಡಿಯನ್ನು ಅಲ್ಲೇ ತಡೆಯುವ ಉಪಾಯಗಳು ಒಂದರ ಹಿಂದೊಂದು ಬಂದವು. ಕ್ಯಾತಿಟರಿನ (ರಕ್ತನಾಳದ ಮೂಲಕ ಹೃದಯಕ್ಕೆ ತೂರಿಸುವ ಸಪೂರ ಕೊಳವೆಯ) ತುದಿಯ ಬಲೂನಿನಿಂದ ಅಲ್ಟ್ರಾಸೌಂಡನ್ನು ಉಂಗುರಾಕಾರದಲ್ಲಿ ಕೇಂದ್ರೀಕರಿಸುವುದು ಒಂದು ಉಪಾಯ. ಒಂದೇ ಬಾರಿಗೆ ಇಡೀ ಬಳೆ ಮೂಡುತ್ತಿದ್ದುದರಿಂದ ಅದು ಆಕರ್ಷಕವಾಗಿತ್ತು, ಹಲವರಲ್ಲಿ ಲಯವೂ ಸರಿಹೋಯಿತು.

ತೊಡಕಿದ್ದದ್ದು ಗೋಡೆಯ ಆಚೆ. ಎಡ ಹೃತ್ಕರ್ಣದ (ಹೃದಯದ ಮೇಲಿನ ಎಡಕೋಣೆಯ) ಹಿಂಗೋಡೆ ಕೆಲವೇ ಮಿಲಿಮೀಟರ್ ದಪ್ಪ, ಅದಕ್ಕೆ ಆತುಕೊಂಡೇ ಅನ್ನನಾಳವಿದೆ, ಬಲಬದಿಯಲ್ಲಿ ವಪೆಯ ನರ ಹಾದುಹೋಗುತ್ತದೆ. ಮುಟ್ಟಿದ ಜಾಗವನ್ನು ಸುಡುವ ಕ್ಯಾತಿಟರಿನ ಹಾಗಲ್ಲದೆ ಧ್ವನಿ ದೂರಕ್ಕೂ ಸಾಗುತ್ತದೆ. ಕೆಲವರಲ್ಲಿ ಆ ನರ ಸೋತಿತು. ಕೆಲವರಲ್ಲಿ, ವಾರಗಳ ನಂತರ, ಅನ್ನನಾಳಕ್ಕೂ ಹೃತ್ಕರ್ಣಕ್ಕೂ ನಡುವೆ ತೂತು ಬಿದ್ದು ಸಾವು ಸಂಭವಿಸಿತು. ಅನ್ನನಾಳದೊಳಗೆ ತಾಪಮಾಪಕ ಇಟ್ಟು, ಬಿಸಿ ಏರಿದೊಡನೆ ನಿಲ್ಲಿಸುವ ನಿಯಮ ಪಾಲಿಸಿದರೂ ಅಂಥ ಸಾವು ತಪ್ಪಲಿಲ್ಲವೆಂದು 2010ರಲ್ಲಿ ವರದಿಯಾಯಿತು. ಬಲೂನಿನ ಬಳಕೆ ಅಲ್ಲಿಗೆ ನಿಂತಿತು.

ಶಸ್ತ್ರಚಿಕಿತ್ಸೆಯ ವೇಳೆ ಹೃದಯದ ಹೊರಗಿನಿಂದ ಒಳಮುಖವಾಗಿ ಅಲೆ ಹಾಯಿಸುವ ಪಟ್ಟಿಯೂ ಬಂದಿತ್ತು. ಅದರಲ್ಲಿ ಅನ್ನನಾಳದ ಕಡೆಗೆ ಶಕ್ತಿ ಹೋಗುತ್ತಿರಲಿಲ್ಲ. 103 ರೋಗಿಗಳ 2005ರ ಮೊದಲ ವರದಿ ಆಶಾದಾಯಕವಾಗಿದ್ದರೂ ಮುಂದೆ ಎಲ್ಲ ಕಡೆ ಅಂಥ ಫಲ ಸಿಗಲಿಲ್ಲ.

ಸುಣ್ಣ ಕಟ್ಟಿದ ಕವಾಟವನ್ನು ಧ್ವನಿಯಿಂದ ಸಡಿಲಿಸಬಹುದೆಂಬುದು ನಿಜವೇ?

ಒಂದು ಮಟ್ಟಿಗೆ ನಿಜ. ಪ್ಯಾರಿಸ್ಸಿನ ಹೃದ್ರೋಗ ತಜ್ಞ ಎಮ್ಯಾನುಯೆಲ್ ಮೆಸಾಸ್ ಮತ್ತು ಸಂಗಡಿಗರು ಎದೆಯ ಹೊರಗಿನಿಂದಲೇ ಮಹಾಪಧಮನಿಯ ಕವಾಟದ ಮೇಲೆ ಚಿಕ್ಕ, ಪ್ರಬಲ ಸ್ಪಂದಗಳನ್ನು ಕೇಂದ್ರೀಕರಿಸುವ ವಾಲ್ವೋಸಾಫ್ಟ್ ಎಂಬ ಯಂತ್ರವನ್ನು ಪ್ರಯೋಗಿಸಿದ್ದಾರೆ. ಇಲ್ಲಿ ಸುಣ್ಣವನ್ನು ಒಡೆದು ಹಾರಿಸುವ ಉದ್ದೇಶವಿಲ್ಲ. ಗುಳ್ಳೆಗಳ ಹೊಡೆತದಿಂದ ಗಡಸಾದ ಎಸಳುಗಳು ಮೆತ್ತಗಾಗಿ ಮತ್ತೆ ಅಲುಗಾಡಲಿ ಎಂಬುದಷ್ಟೇ. ಫ್ರಾನ್ಸ್, ನೆದರ್ಲ್ಯಾಂಡ್ಸ್ ಮತ್ತು ಸರ್ಬಿಯಾದ 40 ರೋಗಿಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಕವಾಟದ ಸರಾಸರಿ ತೆರಪು 0.58 ಚದರ ಸೆಂಟಿಮೀಟರಿನಿಂದ ಆರು ತಿಂಗಳಲ್ಲಿ 0.64ಕ್ಕೆ ಏರಿತು.

ಈ ಸಂಖ್ಯೆಯನ್ನು ಅದರ ಜಾಗದಲ್ಲಿಟ್ಟು ನೋಡಬೇಕು. ಆರೋಗ್ಯವಂತರ ತೆರಪು 3–4 ಚದರ ಸೆಂಟಿಮೀಟರ್. 1ಕ್ಕಿಂತ ಕಡಿಮೆಯಾದರೆ ಕಾಯಿಲೆ ತೀವ್ರವೆಂದು ಲೆಕ್ಕ. ಅಂದರೆ ಚಿಕಿತ್ಸೆಯ ನಂತರವೂ ಕಾಯಿಲೆ ತೀವ್ರವಾಗಿಯೇ ಉಳಿಯಿತು. ಶಸ್ತ್ರಚಿಕಿತ್ಸೆಯನ್ನಾಗಲಿ, ಕ್ಯಾತಿಟರ್ ಮೂಲಕ ಕವಾಟ ಕೂರಿಸುವುದನ್ನಾಗಲಿ ತಾಳಲಾರದವರಿಗೆ ಇದು ಒಂದಿಷ್ಟು ನೆಮ್ಮದಿ ಕೊಡಬಹುದು. ಅವೆರಡೂ ಸಾಧ್ಯವಿರುವವರು ಇದಕ್ಕಾಗಿ ಕಾಯುತ್ತ ಕೂರುವುದು ತರವಲ್ಲ. ನಮ್ಮಲ್ಲಿ ಇನ್ನೂ ಕಾಣಸಿಗುವ, ಕೀಲುವಾತ ಜ್ವರದಿಂದ ಎಸಳುಗಳು ಅಂಟಿಕೊಂಡ ಮೈಟ್ರಲ್ ಕವಾಟದ ಕಾಯಿಲೆ ಬೇರೆಯೇ ಬಗೆಯದು, ಮತ್ತು ಈ ಅಂಕಿಗಳು ಅದಕ್ಕೆ ಸಂಬಂಧಿಸಿದವಲ್ಲ.

ಹುಟ್ಟುಮಕ್ಕಳ ಹೃದಯದಲ್ಲಿ?

ಕೆಲವು ಜನ್ಮದೋಷಗಳಲ್ಲಿ ಎರಡು ಹೃತ್ಕರ್ಣಗಳ ನಡುವೆ ತೂತು ಮಾಡಿದರೆ ಮಾತ್ರ ಮಗು ಬದುಕುತ್ತದೆ. 1966ರಿಂದ ಇದನ್ನು ಬಲೂನ್ ಕ್ಯಾತಿಟರಿನಿಂದ ಮಾಡಲಾಗುತ್ತಿದೆ. ಮಿಶಿಗನ್ ತಂಡ 2010ರಲ್ಲಿ ನಾಯಿಗಳಲ್ಲಿ, ಎದೆ ತೆರೆಯದೆ, ಹಿಸ್ಟೋಟ್ರಿಪ್ಸಿಯಿಂದ ಅಂಥ ತೂತು ಮಾಡಿ ತೋರಿಸಿತು.

ಹೃದಯಾಘಾತವಾದವರಿಗೆ ಅಲ್ಟ್ರಾಸೌಂಡ್‌ನಿಂದ ಉಪಯೋಗವಿದೆಯೇ?

ಬ್ರೆಜಿಲ್ಲಿನ ಸಾವೊ ಪಾವ್ಲೊ ನಗರದಲ್ಲಿ 100 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಕುತೂಹಲಕರವಾಗಿದೆ. ರಕ್ತಕ್ಕೆ ಸೂಕ್ಷ್ಮಗುಳ್ಳೆಗಳನ್ನು ಬಿಟ್ಟು, ರೋಗಪತ್ತೆಯ ಎಕೋ ಯಂತ್ರದಿಂದಲೇ ಪ್ರಬಲ ಸ್ಪಂದಗಳನ್ನು ಹಾಯಿಸಿದಾಗ, ಆಂಜಿಯೋಪ್ಲಾಸ್ಟಿಗೆ ಮೊದಲೇ 50ರಲ್ಲಿ 24 ಜನರ ಮುಚ್ಚಿದ ರಕ್ತನಾಳ ತೆರೆದಿತ್ತು; ಅದಿಲ್ಲದ ಗುಂಪಿನಲ್ಲಿ 50ರಲ್ಲಿ 10 ಜನರದ್ದು. ಇಲ್ಲಿನ ಅಲೆ ಮೇಲೆ ಹೇಳಿದ ಅರ್ಥದಲ್ಲಿ ಕೇಂದ್ರೀಕೃತವಾದದ್ದಲ್ಲ, ಕೆಲಸ ಮಾಡುವುದು ಗುಳ್ಳೆಗಳ ಕಂಪನ. ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು ಇನ್ನೂ ಮೆಲ್ಲಗಿನ ಸ್ಪಂದಗಳಿಂದ, ರಕ್ತ ಸಾಲದ ಹಂದಿಯ ಹೃದಯದಲ್ಲಿ ಹೊಸ ಸೂಕ್ಷ್ಮನಾಳಗಳು ಹೆಚ್ಚುವುದನ್ನು ಕಂಡಿದ್ದಾರೆ. ಎದೆನೋವು ಬಂದವರು ಆಸ್ಪತ್ರೆಗೆ ಧಾವಿಸಬೇಕಾದ ಅವಸರವನ್ನು ಇವ್ಯಾವೂ ಕಡಿಮೆ ಮಾಡುವುದಿಲ್ಲ.

ಮತ್ತೆ ಮತ್ತೆ ಎಕೋ ಮಾಡಿಸಿದರೆ ಹೃದಯಕ್ಕೆ ಹಾನಿಯೇ?

ಸಾಧಾರಣ ಎಕೋದಿಂದ ಮಾನವ ಹೃದಯಕ್ಕೆ ಹಾನಿಯಾದದ್ದು ಸಿದ್ಧಪಟ್ಟಿಲ್ಲ. ಗುಳ್ಳೆಗಳ ಚುಚ್ಚುಮದ್ದು ಕೊಟ್ಟು ಮಾಡುವ ಕಾಂಟ್ರಾಸ್ಟ್ ಎಕೋದಲ್ಲಿ ಮಾತ್ರ ಒಂದು ಎಚ್ಚರವಿದೆ. ರಕ್ತದಲ್ಲಿ ಮೊದಲೇ ಅನಿಲದ ಗುಳ್ಳೆ ಇದ್ದಾಗ ಕ್ಯಾವಿಟೇಶನ್‌ಗೆ ಬೇಕಾದ ಒತ್ತಡ ಬಹಳ ಇಳಿಯುತ್ತದೆ. ಹೆಚ್ಚಿನ ಒತ್ತಡದ ಸ್ಪಂದಗಳನ್ನು ಸಂಕೋಚನದ ಕೊನೆಯ ಗಳಿಗೆಗೆ ಹೊಂದಿಸಿದಾಗ ಅಕಾಲದ ಮಿಡಿತಗಳು ಹೆಚ್ಚಿದ್ದನ್ನು 2000ರಲ್ಲಿ ಡಚ್ ವೈದ್ಯರು ವರದಿ ಮಾಡಿದರು. ಯಂತ್ರದ ಪರದೆಯ ಮೂಲೆಯಲ್ಲಿ ‘ಎಂಐ’ ಎಂದು ಕಾಣುವ ಸಂಖ್ಯೆ ಈ ಯಾಂತ್ರಿಕ ಅಪಾಯದ ಸೂಚಿ. ಅದರ ಗರಿಷ್ಠ ಮಿತಿ 1.9, ಮತ್ತು ಕಾಂಟ್ರಾಸ್ಟ್ ಬಳಸುವಾಗ ಅದನ್ನು ಬಹಳ ಕೆಳಗಿಟ್ಟೇ ಚಿತ್ರ ತೆಗೆಯುವುದು ವಾಡಿಕೆ.

ಹೊಸ ಸಂಶೋಧನೆಯ ವರದಿ ಓದುವಾಗ ಏನನ್ನು ಗಮನಿಸಬೇಕು?

ಬರೀ ‘ಇಷ್ಟು ವ್ಯಾಟ್’ ಎಂದು ಹೇಳಿ ಮುಗಿಸಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಆವರ್ತನ, ಎಳೆತದ ಗರಿಷ್ಠ ಒತ್ತಡ, ಸ್ಪಂದದ ಉದ್ದ, ಸ್ಪಂದಗಳ ನಡುವಿನ ಅಂತರ ಇವಿಷ್ಟೂ ಇರಬೇಕು. ಒತ್ತಡವನ್ನು ನೀರಿನ ತೊಟ್ಟಿಯಲ್ಲಿ ಅಳೆದರೋ, ಎದೆಗೋಡೆಯಲ್ಲಿ ಕಳೆದುಹೋಗುವ ಪಾಲನ್ನು ಕಳೆದು ಹೇಳಿದರೋ ನೋಡಿ. ಎರಡರ ನಡುವೆ ಹಲವು ಪಟ್ಟು ವ್ಯತ್ಯಾಸವಿರಬಹುದು. ಆಮೇಲೆ ಹೃದಯದ ಕುರಿತೇ ಕೇಳಬೇಕಾದ ಎರಡು ಪ್ರಶ್ನೆಗಳಿವೆ: ಪ್ರಯೋಗ ನಡೆದಾಗ ಹೃದಯ ರಕ್ತ ಹರಿಸುತ್ತ ಬಡಿಯುತ್ತಿತ್ತೇ, ಸ್ಪಂದಗಳನ್ನು ಇಸಿಜಿಗೆ ಹೊಂದಿಸಿದ್ದರೇ? ಎರಡಕ್ಕೂ ವರದಿಯಲ್ಲಿ ಉತ್ತರ ಸಿಗದಿದ್ದರೆ, ಅಲ್ಲಿ ಬರೆದಿರುವುದು ಮಾಂಸದ ತುಂಡಿನ ಸಂಗತಿಯೆಂದು ತಿಳಿದು ಮುಂದಿನ ಪುಟ ತಿರುವಬಹುದು.